ಕಪ್ಪೆ ಕರುಳು ತೊಳೆದ ಪುಟ್ಟಗಂಗಮ್ಮ

ಲೋಳೆ ಕಂಡರೆ ನನಗೆ ಆಗುವುದಿಲ್ಲ. ಇವತ್ತಿಗೂ ಅಷ್ಟೆ. ಬೇಡ ಎಂದು ಬಾಯಿಬಿಟ್ಟು ಹೇಳುವ ವಯಸ್ಸು ನನಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಬೆಂಡೆಕಾಯಿ ಹುಳಿ ಮಾಡುವುದನ್ನೇ ನಿಲ್ಲಿಸಿದರು. ಮಕ್ಕಳ ಮೂಗಿನ ಗೊಣ್ಣೆ, ಮಳೆ ಬಿದ್ದ ಮಾರನೆಯ ದಿನ ಬಚ್ಚಲ ಗೋಡೆ ಹತ್ತುವ ಬಸವನಹುಳು, ಆಗತಾನೆ ಹುಟ್ಟಿದ ಕರುವಿನ ಮೈ, ಇವುಗಳಲ್ಲಿ ಯಾವುದು ಕಣ್ಣಿಗೆ ಬಿದ್ದರೂ ಆ ಹೊತ್ತಿನ ಊಟ ಹೋದ ಹಾಗೆಯೇ. ಇಂಥವಳು ಪ್ರಾಣಿಶಾಸ್ತ್ರ ಓದಿ, ತಿಪಟೂರಿನಲ್ಲಿ ಲೆಕ್ಚರರ್ ಆಗಿ, ಕಪ್ಪೆಯ ಗಂಟಲಿನಿಂದ ಹಿಡಿದು ಕರುಳಿನ ಕೊನೆಯವರೆಗೆ ಲೋಳೆ ತಯಾರಿಸುವ ಕೋಶಗಳ ಮೇಲೆ ಪಿಎಚ್.ಡಿ. ಮಾಡಿದೆ. ನಗುವವರು ನಗಬಹುದು. ಆ ವಿಷಯ ನಾನು ಆರಿಸಿಕೊಂಡದ್ದಲ್ಲ. ಮೈಸೂರಿನಲ್ಲಿದ್ದ ನನ್ನ ಗೈಡ್ ಕೈಯಲ್ಲಿ ಆಗ ಉಳಿದಿದ್ದದ್ದು ಅದೊಂದೇ. ಬೇಡ ಎಂದರೆ ಇನ್ನೆರಡು ವರ್ಷ ಕಾಯಬೇಕಿತ್ತು.

ಇದು ನನ್ನ ಕತೆಯಲ್ಲ, ಪುಟ್ಟಗಂಗಮ್ಮನದು. ಆದರೆ ನನ್ನ ಅಸಹ್ಯವನ್ನು ಮೊದಲು ಹೇಳದೆ ಅವಳ ಕತೆ ಹೇಳಲು ಬರುವುದಿಲ್ಲ. ಲ್ಯಾಬಿನ ಕೆಲಸ ಅವಳ ಕೈಗೆ ಬಂದದ್ದೂ ಅದರಿಂದ, ಲ್ಯಾಬಿನ ನೌಕರಿ ಕೈತಪ್ಪಿದ್ದೂ ಅದರಿಂದಲೇ.

ನಾನಿದ್ದ ಕಾಲೇಜಿನ ಹೆಸರು ಬೇಡ. ಪ್ರಾಣಿಶಾಸ್ತ್ರ ವಿಭಾಗ ಎಂದರೆ ಒಂದು ಉದ್ದನೆಯ ಕೋಣೆ, ಹಿಂದೆ ಒಂದು ಬಾಗಿಲು, ಬಾಗಿಲಾಚೆ ಒಂದು ತೆಂಗಿನ ಮರ, ಅದರ ಬುಡದಲ್ಲಿ ಸಾಮಾನು ತೊಳೆಯುವ ಕಲ್ಲು. ವಿಭಾಗದ ಮುಖ್ಯಸ್ಥೆ ನಾನೇ, ಇದ್ದ ಒಬ್ಬಳೇ ಲೆಕ್ಚರರ್ ಕೂಡ ನಾನೇ. ಅಟೆಂಡರ್ ಕಾಡಸಿದ್ದಪ್ಪನವರು, ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯರು. ಪುಟ್ಟಗಂಗಮ್ಮ ದಿನಗೂಲಿಯ ಮೇಲೆ ಕಸ ಗುಡಿಸುವವಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಆದರೂ ನಾನು ಅವಳನ್ನು ಏಕವಚನದಲ್ಲಿ ಕರೆಯುತ್ತಿದ್ದೆ, ಅವಳು ನನ್ನನ್ನು ಮೇಡಮ್ಮೋರೆ ಅನ್ನುತ್ತಿದ್ದಳು. ಈಗ ಬರೆಯುವಾಗಲೂ ನನ್ನ ಕೈ ಹಾಗೆಯೇ ಓಡುತ್ತಿದೆ.

ಅವಳ ತವರು ಹಂದನಕೆರೆಯ ಹತ್ತಿರದ ಒಂದು ಹಟ್ಟಿ. ಮದುವೆಯಾಗಿ ಬಂದದ್ದು ಬಿಳಿಗೆರೆಗೆ. ಗಂಡ ಹುಚ್ಚರಂಗಯ್ಯ ತೋಟದಿಂದ ತೋಟಕ್ಕೆ ಹೋಗಿ ಕಾಯಿ ಸುಲಿಯುವವನು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಮೂರು ತಿರುವಿಗೆ ಮಟ್ಟೆ ಬಿಡಿಸುತ್ತಾನೆ ಎಂದು ಅವಳು ಜಂಬದಿಂದ ಹೇಳುತ್ತಿದ್ದಳು. ಅವಳು ಗಿಡ್ಡ, ಗಟ್ಟಿ ಆಳು. ಬಾಯಲ್ಲಿ ಯಾವಾಗಲೂ ಎಲೆಯಡಿಕೆ, ಸೊಂಟದಲ್ಲಿ ಸುಣ್ಣದ ಡಬ್ಬಿ. ಆ ಡಬ್ಬಿಯನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಕಪ್ಪೆ ತರುವ ಕೆಲಸ ಅವಳಿಗೆ ತಾನಾಗಿ ಬಂತು. ಮೊದಲು ತರುತ್ತಿದ್ದವನು ಬಿಟ್ಟುಹೋದಾಗ, ‘ಅದ್ಯಾಕೆ ಯೋಚ್ನೆ ಮಾಡ್ತೀರಿ, ನಮ್ಮೂರಲ್ಲಿ ಮಟ್ಟೆ ಕೊಳೆ ಆಕೋ ಗುಂಡೀಲಿ ಬೇಕಾದಷ್ಟವೆ’ ಅಂದಳು. ನಾರು ತೆಗೆಯಲು ತೆಂಗಿನ ಮಟ್ಟೆಯನ್ನು ತಿಂಗಳುಗಟ್ಟಲೆ ನೀರಲ್ಲಿ ಕೊಳೆಹಾಕುವ ಗುಂಡಿಗಳವು. ಬಸ್ಸಿನಲ್ಲಿ ಹೋಗುವಾಗ ಅವುಗಳ ನಾತಕ್ಕೆ ನಾನು ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ. ಅವಳು ಸೀರೆ ಮೇಲೆತ್ತಿ ಕಟ್ಟಿ ಆ ಕರೀ ನೀರಿಗೆ ಮೊಣಕಾಲುದ್ದ ಇಳಿದು, ಹಸಿರು ಬೆನ್ನಿನ ದೊಡ್ಡ ಕಪ್ಪೆಗಳನ್ನು ಬರಿಗೈಯಲ್ಲಿ ಹಿಡಿದು ಗೋಣಿಚೀಲಕ್ಕೆ ತುಂಬಿ, ಬೆಳಗಿನ ಬಸ್ಸಿಗೆ ತರುತ್ತಿದ್ದಳು. ಬಸ್ಸಿನೊಳಗೆ ಚೀಲ ವಟಗುಟ್ಟುತ್ತಿತ್ತು. ಚೀಲದಡಿಯಿಂದ ನೊರೆನೊರೆಯಾದ ಲೋಳೆ ಇಳಿದು ಸೀಟಿನ ಕೆಳಗೆ ಹರಿಯುತ್ತಿತ್ತು. ಒಂದು ಸಲ ಅದೇ ಬಸ್ಸಿನಲ್ಲಿ ನಾನೂ ಇದ್ದೆ.

‘ಲೇ ಗಂಗಮ್ಮ, ಆ ದರಿದ್ರಾನ ಟಾಪ್ ಮೇಲಾಕು’ ಎಂದು ಕಂಡಕ್ಟರ್ ರೇಗಿದ.

‘ಬಿಸ್ಲಿಗೆ ಸತ್ತೋದ್ರೆ ಮೇಡಮ್ಮೋರು ಅದ್ರ ಬದ್ಲು ನಿನ್ನ ಕುಯ್ತಾರೆ ಕಣಪ್ಪ, ಅಲ್ಲೇ ಅವ್ರೆ ನೋಡು’ ಎಂದು ನನ್ನತ್ತ ಕೈ ತೋರಿಸಿದಳು. ಬಸ್ಸೆಲ್ಲ ತಿರುಗಿ ನೋಡಿತು. ನಾನು ಮುಂದಿನ ನಿಲ್ದಾಣದಲ್ಲಿ ಇಳಿದು ಉಳಿದ ದಾರಿ ನಡೆದೇ ಹೋದೆ.

ಅವಳಿಗೆ ಯಾವುದಕ್ಕೂ ಹೇಸಿಗೆಯಿಲ್ಲ ಎಂದು ನಾನು ತಿಳಿದಿದ್ದೆ. ಹಾಗೇನಿಲ್ಲ. ಒಂದು ದಿನ ಪ್ರಾಕ್ಟಿಕಲ್ ಮುಗಿದು, ಹೊಟ್ಟೆ ಬಗೆದ ಇಪ್ಪತ್ತು ಕಪ್ಪೆಗಳನ್ನು ಬಕೆಟ್ಟಿಗೆ ತುಂಬುತ್ತ, ‘ತಿನ್ನಾಕಲ್ಲ, ದೇವ್ರಿಗಲ್ಲ, ಬರೀ ನೋಡಾಕೆ ಅಂತ ಇಷ್ಟು ಜೀವ ತಗೀತೀರಲ್ಲ, ಇದು ಅಸಹ್ಯ ಕಣ್ರಮ್ಮ’ ಅಂದಳು. ಕಸ ಗುಡಿಸುವವಳ ಹತ್ತಿರ ನನಗೆ ಪಾಠವೇ ಎಂದು ನನಗೆ ಸಿಟ್ಟು ಬಂದಿತ್ತು.

ಈಗ ಕೆಲಸದ ಕ್ರಮ ಹೇಳುತ್ತೇನೆ. ಕಾಡಸಿದ್ದಪ್ಪನವರು ದಿನಾ ಲಿಂಗಪೂಜೆ ಮಾಡಿ ಬರುವವರು. ಕಪ್ಪೆಗೆ ಕ್ಲೋರೋಫಾರಂ ಕೊಟ್ಟ ಮೇಲೆ, ಎದೆಯ ಮೇಲಿನ ಲಿಂಗ ಟ್ರೇ ಮೇಲೆ ತೂಗಬಾರದೆಂದು ಅದನ್ನು ಶಲ್ಯದಲ್ಲಿ ಸುತ್ತಿ ಕುತ್ತಿಗೆಗೆ ಬಿಗಿಯಾಗಿ ಕಟ್ಟಿಕೊಂಡು, ‘ಶಿವಶಿವಾ’ ಅನ್ನುತ್ತ, ಮುಖ ಅತ್ತ ತಿರುಗಿಸಿ ಹೊಟ್ಟೆ ಸೀಳುತ್ತಿದ್ದರು. ನಾನು ಮುಂಬಾಗಿಲ ಹೊಸ್ತಿಲಲ್ಲಿ, ನೀಲಗಿರಿ ಎಣ್ಣೆ ಹಾಕಿದ ಕರವಸ್ತ್ರ ಮೂಗಿಗೊತ್ತಿಕೊಂಡು ನಿಂತು ಹೇಳುತ್ತಿದ್ದೆ: ‘ಕರುಳನ್ನ ಉಪ್ಪುನೀರಲ್ಲಿ ತೊಳೆದು ದ್ರಾವಣಕ್ಕೆ ಹಾಕಿ.’ ನನ್ನ ಪ್ರಕಾರ ತೊಳೆಯುವುದು ಎಂದರೆ ತೆಳ್ಳನೆಯ ಉಪ್ಪುನೀರಲ್ಲಿ ಒಂದು ಸಲ ಅದ್ದಿ ತೆಗೆಯುವುದು. ಅದನ್ನು ಬಿಡಿಸಿ ಹೇಳಬೇಕೆಂದು ನನಗೆ ತೋಚಲೇ ಇಲ್ಲ. ಅವರು ಟ್ರೇಯನ್ನು ಹಿಂಬಾಗಿಲಿಗೆ ಒಯ್ಯುತ್ತಿದ್ದರು. ಅರ್ಧ ಗಂಟೆಯ ಮೇಲೆ, ಕರುಳು ಕೆಡದಂತೆ ಕಾಯುವ ಹಳದಿ ದ್ರಾವಣದ ಸೀಸೆಯಲ್ಲಿ ಕರುಳಿನ ತುಂಡುಗಳು ಬರುತ್ತಿದ್ದವು. ಆಮೇಲೆ ನನ್ನ ಕೆಲಸ. ಅವನ್ನು ಮೇಣದ ಅಚ್ಚಿಗೆ ಕೂರಿಸಿ, ಯಂತ್ರದಲ್ಲಿ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳಿ, ಗಾಜಿಗೆ ಅಂಟಿಸಿ, ನೀಲಿ ಬಣ್ಣ ಕುಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅಷ್ಟು ಹೊತ್ತಿಗೆ ಅದು ಕಪ್ಪೆಯಾಗಿ ಉಳಿದಿರುವುದಿಲ್ಲ. ಹಾಗಾಗಿ ನನಗೆ ಬಾಧೆಯಿಲ್ಲ.

ಕರುಳಿನ ಒಳಗೋಡೆಯ ಕೋಶಗಳ ಸಾಲಿನಲ್ಲಿ ಅಲ್ಲಲ್ಲಿ ಚೊಂಬಿನಾಕಾರದ ಕೋಶಗಳಿರುತ್ತವೆ. ಚೊಂಬಿನ ತುಂಬ ಲೋಳೆ. ಆಹಾರ ಜಾರಿಹೋಗಲಿ, ಗೋಡೆಗೆ ಗಾಯವಾಗದಿರಲಿ ಎಂದು ಅವು ಆ ಲೋಳೆಯನ್ನು ಬಾಯಿಂದ ಹೊರಗೆ ಸುರಿಯುತ್ತವೆ. ನಾನು ಹಾಕುತ್ತಿದ್ದ ಬಣ್ಣ ಲೋಳೆಗೆ ಮಾತ್ರ ಹತ್ತಿ ನೀಲಿಯಾಗಬೇಕು. ನನ್ನ ಸ್ಲೈಡುಗಳಲ್ಲಿ ನೀಲಿಯೇ ಇರಲಿಲ್ಲ. ಒಂದರಲ್ಲೂ ಇಲ್ಲ. ಹರಿದ ಬಾಯಿಯ ಖಾಲಿ ಚೊಂಬುಗಳು ಸಾಲಾಗಿ ಕೂತಿದ್ದವು, ಅಷ್ಟೆ.

ಬಣ್ಣ ಬದಲಾಯಿಸಿದೆ. ದ್ರಾವಣ ಬದಲಾಯಿಸಿದೆ. ಮಳೆಗಾಲದ ಕಪ್ಪೆ, ಬೇಸಿಗೆಯ ಕಪ್ಪೆ, ಹೊಟ್ಟೆ ತುಂಬಿದ್ದು, ಉಪವಾಸವಿದ್ದದ್ದು, ಎಲ್ಲ ನೋಡಿದೆ. ಎರಡು ವರ್ಷ ಕಳೆಯಿತು. ಇಂಥ ಸಮಯದಲ್ಲಿ ಓದಿದವರಿಗೆ ಒಂದು ರೋಗ ಬರುತ್ತದೆ. ತಪ್ಪು ತಮ್ಮದಿರಬಹುದು ಎನ್ನುವ ಬದಲು ಪ್ರಕೃತಿಯದ್ದೇ ಏನೋ ವಿಶೇಷ ಎನ್ನುವುದು. ನಾನೂ ಹಾಗೇ ಅಂದೆ. ಬಯಲುಸೀಮೆಯ ಕಪ್ಪೆಗಳಲ್ಲಿ ಲೋಳೆ ಕಡಿಮೆ, ಮಳೆ ಕಮ್ಮಿಯಾದ ಕಡೆ ದೇಹ ಲೋಳೆಯನ್ನು ಉಳಿತಾಯ ಮಾಡುತ್ತದೆ, ಎಂದು ಹದಿನಾಲ್ಕು ಪುಟ ಬರೆದೆ. ಬಸ್ಸಿನ ಸೀಟಿನ ಕೆಳಗೆ ಹರಿದ ಲೋಳೆಯನ್ನು ಕಣ್ಣಾರೆ ಕಂಡವಳು ಹಾಗೆ ಬರೆದೆ ಎಂದು ನೆನೆದರೆ ಈಗ ನನ್ನ ಮೇಲೇ ನನಗೆ ವಾಕರಿಕೆ ಬರುತ್ತದೆ.

ಈ ನಡುವೆ ಕಾಡಸಿದ್ದಪ್ಪನವರ ನಿವೃತ್ತಿ ಹತ್ತಿರ ಬಂತು. ಎಂಬತ್ತೊಂದರ ಮಾರ್ಚಿಗೆ ಅವರ ಜಾಗ ಖಾಲಿ. ಒಂದು ಸಂಜೆ ಪುಟ್ಟಗಂಗಮ್ಮ ಕೋಣೆಯೊಳಗೆ ಬಂದು, ಗೋಡೆಯ ಮೊಳೆಗೆ ತೂಗುಹಾಕಿದ್ದ ಅವರ ಬಿಳಿ ಕೋಟು ನೋಡುತ್ತ ನಿಂತಳು.

‘ಮೇಡಮ್ಮೋರೆ, ಆ ಜಾಗಕ್ಕೆ ನನ್ನ ಆಕ್ಸಿ. ನಾಕ್ನೇ ಕ್ಲಾಸ್ ಪಾಸಾಗಿವ್ನಿ, ಸರ್ಟಿಫಿಕೇಟ್ ಐತೆ. ಜೂನ್ ಬಂದ್ರೆ ವಯಸ್ಸು ಮೀರೋಯ್ತದಂತೆ. ಈ ಸಲ ಆಗ್ದಿದ್ರೆ ಇನ್ನಿಲ್ಲ.’

‘ಇಷ್ಟು ವರ್ಷ ದಿನಗೂಲೀಲಿ ಇದ್ದೀಯಲ್ಲ, ಈಗೇನು ಅವಸರ?’ ಅಂದೆ.

‘ಆರ್ ವರ್ಷ ಆಯ್ತು, ಆ ಕಲ್ಲಿನ ಮ್ಯಾಲೆ ಕೂತೇ ಬುತ್ತಿ ಉಣ್ತಿವ್ನಿ. ಮಳೆ ಬಂದ್ರೆ ಮುದ್ದೆ ಒಳಕ್ಕೇ ನೀರು. ಆ ಕೋಟು ಆಕ್ಕಂಡು ಈ ಸ್ಟೂಲ್ ಮ್ಯಾಲೆ ಕೂತು ಒಂದಿನ ಉಣ್ಬೇಕು, ಅಷ್ಟೇಯ.’

ಮ್ಯಾನೇಜ್‌ಮೆಂಟಿನವರು ವಿಭಾಗದ ಮುಖ್ಯಸ್ಥರ ಒಂದು ಪತ್ರ ಕೇಳುತ್ತಾರೆ, ಅದಿದ್ದರೆ ಸಾಕು. ನಾನು ಒಪ್ಪಿದೆ. ‘ಮೈಸೂರಿನ ಸೆಮಿನಾರ್ ಮುಗಿಸಿಕೊಂಡು ಬಂದು ಬರೀತೀನಿ’ ಅಂದೆ. ಅವಳು ಕುಣಿದಾಡಲಿಲ್ಲ. ಎಲೆಯಡಿಕೆ ಉಗಿದು ಬಂದು, ಕೋಣೆಯನ್ನು ಇನ್ನೊಂದು ಸಲ ಗುಡಿಸಿದಳು. ಹೋಗುವಾಗ ಸೂಕ್ಷ್ಮದರ್ಶಕ ತೋರಿಸಿ, ‘ಅದ್ರೊಳಗೆ ಏನ್ ಕಾಣ್ತದೆ, ಒಂದ್ಸಲ ನೋಡ್ಲಾ?’ ಎಂದು ಕೇಳಿದಳು. ‘ಕೈ ತೊಳೆದುಕೊಂಡು ಬಾ’ ಅಂದೆ. ಅವಳು ಸೋಪು ಹಚ್ಚಿ ಮೂರು ಸಲ ತೊಳೆದು ಬರುವಷ್ಟರಲ್ಲಿ ನಾನು ಕೋಣೆಗೆ ಬೀಗ ಹಾಕಿ ಬಸ್ಸಿಗೆ ಹೊರಟಿದ್ದೆ. ನೆನಪೇ ಆಗಲಿಲ್ಲ.

ಸೆಮಿನಾರಿನಲ್ಲಿ ನನ್ನ ಹದಿನಾಲ್ಕು ಪುಟ ಓದಿದೆ. ಹಾಸನದ ಕಡೆಯ ಒಬ್ಬ ಹುಡುಗ, ಆಗಿನ್ನೂ ಸಂಶೋಧನೆ ಶುರುಮಾಡಿದ್ದವನು, ಎದ್ದು ನಿಂತ. ‘ಮೇಡಂ, ನಾನು ಅರಸೀಕೆರೆ ಕಪ್ಪೆ ಕೊಯ್ದಿದ್ದೀನಿ. ಅಲ್ಲೂ ನಿಮ್ಮಷ್ಟೇ ಮಳೆ. ಲೋಳೇಲಿ ಚಾಕು ನಿಲ್ಲಲ್ಲ, ಅಷ್ಟಿರುತ್ತೆ. ನೀವು ಯಾವತ್ತಾದ್ರೂ ಹಸೀ ಕರುಳನ್ನ ಕೈಯಲ್ಲಿ ಮುಟ್ಟಿ ನೋಡಿದ್ದೀರಾ?’

ಸಭೆಯಲ್ಲಿ ನಗು ಎದ್ದಿತು. ಗೈಡ್ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುವುತ್ತಿದ್ದರು. ಮುಟ್ಟಿದ್ದೇನೆ ಎಂದು ಸುಳ್ಳು ಹೇಳಲೂ ನನಗೆ ಬಾಯಿ ಬರಲಿಲ್ಲ.

ತಿಪಟೂರಿಗೆ ವಾಪಸಾದ ಮಾರನೆಯ ದಿನವೇ, ಹಲ್ಲು ಕಚ್ಚಿಕೊಂಡು ಮೊದಲಿನಿಂದ ಕೊನೆಯವರೆಗೆ ನೋಡುತ್ತೇನೆ ಎಂದು ನಿಶ್ಚಯಿಸಿ ಲ್ಯಾಬಿನೊಳಗೆ ನಿಂತೆ. ಕಾಡಸಿದ್ದಪ್ಪನವರು ಸೀಳಿದರು. ಟ್ರೇ ಹಿಂಬಾಗಿಲಿಗೆ ಹೋಯಿತು. ಅವರ ಹಿಂದೆ ನಾನೂ ಹೋದೆ. ಅವರು ಕರುಳು ತೊಳೆಯುತ್ತಾರೆ ಎಂದು ಎರಡು ವರ್ಷ ನಂಬಿದ್ದೆನಲ್ಲ, ಅವರು ಟ್ರೇಯನ್ನು ಕಲ್ಲಿನ ಮೇಲಿಟ್ಟು, ಕಣ್ಣು ಮುಚ್ಚಿ, ನಲ್ಲಿಯ ಹತ್ತಿರ ಕೈ ತೊಳೆಯಲು ಹೋಗಿಬಿಟ್ಟರು. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವಳು ಪುಟ್ಟಗಂಗಮ್ಮ.

ಅವಳು ಕಪ್ಪೆಯ ಕರುಳನ್ನು ಬೆರಳಿಗೆ ಸುತ್ತಿ ಒಂದೇ ಎಳೆತಕ್ಕೆ ತೆಗೆದಳು. ಒಳಗಿದ್ದ ಅರ್ಧ ಅರಗಿದ ಹುಳಹುಪ್ಪಟೆಯನ್ನು ಎರಡು ಬೆರಳಲ್ಲಿ ಹಿಂಡಿ ಕಲ್ಲಿನ ಮೇಲೆ ಕೆಡವಿದಳು. ಅದು ಕಪ್ಪಗೆ ಹಸಿರಗೆ ಪಿಚಕ್ಕೆಂದು ಬಿತ್ತು. ತೆಂಗಿನ ಗರಿಯ ಕಡ್ಡಿಯೊಂದನ್ನು ಕರುಳಿನ ಬಾಯಿಗೆ ಚುಚ್ಚಿ, ದಿಂಬಿನ ಚೀಲ ತಿರುವುವ ಹಾಗೆ ಇಡೀ ಕರುಳನ್ನು ಒಳಗು ಹೊರಗು ಮಾಡಿದಳು. ಈಗ ಲೋಳೆ ಮೇಲಿತ್ತು. ದಾರದಾರವಾಗಿ ಅವಳ ಬೆರಳ ಸಂದಿಯಿಂದ ಜೋತು, ಗಾಳಿಗೆ ತೂಗಾಡಿ, ಅವಳ ಮೊಣಕಾಲಿಗೆ ಅಂಟಿತು. ಅವಳು ಅದರ ಮೇಲೆ ಒಂದು ಹಿಡಿ ಕಲ್ಲುಪ್ಪು ಸುರಿದಳು. ಸೊಂಟದ ಡಬ್ಬಿ ತೆಗೆದು ಒಂದಿಷ್ಟು ಸುಣ್ಣ ಬಳಿದಳು. ಉಜ್ಜಿದಳು. ಲೋಳೆ ನೊರೆಗಟ್ಟಿ ಬೆಳ್ಳಗೆ ಉಕ್ಕಿತು. ತೊಳೆದಳು, ಮತ್ತೆ ಉಜ್ಜಿದಳು, ಚಿಪ್ಪಿನ ಚೂರಿನಿಂದ ನಯವಾಗಿ ಹೆರೆದಳು. ಕೊನೆಗೆ ಕರುಳನ್ನು ಬೆರಳಲ್ಲಿ ಒತ್ತಿ ಜಗ್ಗಿ, ಅದು ಕೀಚ್ ಎಂದು ಸದ್ದು ಮಾಡಿದ ಮೇಲೆ ತಲೆಯಾಡಿಸಿ, ಮೊದಲಿನಂತೆ ತಿರುವಿ ಸೀಸೆಗೆ ಹಾಕಿದಳು.

ನಾನು ತೆಂಗಿನ ಬುಡಕ್ಕೆ ಹೋಗಿ ಬೆಳಗಿನ ಉಪ್ಪಿಟ್ಟನ್ನೆಲ್ಲ ಕಕ್ಕಿದೆ. ಅವಳು ಗಾಬರಿಯಾಗಿ ಅದೇ ಕೈಯಲ್ಲಿ ಚೊಂಬಿನ ನೀರು ಹಿಡಿದು ಓಡಿಬಂದಳು. ಬೆರಳುಗಳು ಉಪ್ಪುಸುಣ್ಣಕ್ಕೆ ಬಿರಿದು ಕೆಂಪಗಿದ್ದವು. ನಾನು ಆ ಚೊಂಬನ್ನು ತಳ್ಳಿಬಿಟ್ಟೆ. ನೀರು ಚೆಲ್ಲಿತು.

‘ಏನಿದು ನೀನು ಮಾಡ್ತಿರೋದು? ಇದನ್ನೇನು ನಿಮ್ಮನೆ ಬೋಟಿ ಅಂದ್ಕೊಂಡ್ಯಾ?’

‘ಬೋಟಿಗಿಂತ ಚೆನ್ನಾಗಿ ತೊಳ್ದಿವ್ನಿ ಮೇಡಮ್ಮೋರೆ’ ಅಂದಳು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ‘ನಮ್ಮಾವ ಹಬ್ಬಕ್ಕೆ ಕುರಿ ಕುಯ್ದಾಗ ಬೋಟಿ ನಾನೇ ತೊಳೀಬೇಕು ಅಂತಾನೆ. ಒಂದ್ ತಟುಕು ಲೋಳೆ ಉಳಿಯಕಿಲ್ಲ ನನ್ ಕೈಯಾಗೆ.’

‘ಲೋಳೆ ಬೇಕಾಗಿರೋದೇ ನನಗೆ! ಎರಡು ವರ್ಷದಿಂದ ಅದನ್ನೇ ಹುಡುಕ್ತಿದ್ದೀನಿ!’

ಅವಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. ಆಮೇಲೆ ನಕ್ಕುಬಿಟ್ಟಳು, ಎಲೆಯಡಿಕೆಯ ಕೆಂಪು ಬಾಯಿ ಪೂರ್ತಿ ತೆರೆದು. ‘ಅಯ್ಯೋ ಶಿವನೇ, ಲೋಳೆ ಯಾಕ್ರಮ್ಮಾ ಬೇಕು? ಚೆನ್ನಾಗಿ ತೊಳಿ ಅಂದ್ರು ಸಿದ್ದಪ್ಪೋರು, ಉಪ್ಪು ಹಾಕು ಅಂದ್ರು. ಲೋಳೆ ಬೇಕು ಅಂತ ಯಾರೂ ಹೇಳ್ಲಿಲ್ವಲ್ಲ.’

‘ಕೇಳಬೇಕಾಗಿತ್ತು ನೀನು.’

‘ಯಾರ್ನ ಕೇಳಾನ? ನೀವು ಆ ಹಿಂಬಾಗ್ಲ ಹೊಸ್ಲು ದಾಟಿ ಈಚೆಗೆ ಬಂದಿದ್ದೇ ಇವತ್ತು.’

ಮಾತು ಅಷ್ಟೇ. ಆದರೆ ಮೈಸೂರಿನ ಆ ಹುಡುಗ ಕೇಳಿದ್ದೂ ಇವಳು ಹೇಳಿದ್ದೂ ಒಂದೇ ಆಗಿತ್ತು. ಆ ಸಭೆಯ ನಗುವಿಗೆ ಉತ್ತರ ಕೊಡಲು ಅಲ್ಲಿ ನನಗೆ ಆಗಿರಲಿಲ್ಲ. ಇಲ್ಲಿ ಆಗುತ್ತಿತ್ತು. ನಾನು ಮಾಂಸ ತಿನ್ನುವ ಮನೆಯಲ್ಲಿ ಹುಟ್ಟಿದ್ದರೆ ಆ ಖಾಲಿ ಚೊಂಬುಗಳನ್ನು ನೋಡಿದ ಮೊದಲ ದಿನವೇ ಇದು ಹೊಳೆಯುತ್ತಿತ್ತೇನೋ. ಕರುಳು ತೊಳೆಯುವುದು ಎಂದರೆ ಏನೆಂದೇ ತಿಳಿಯದವಳು ನಾನು. ಅದೆಲ್ಲ ಈಗ ಹೊಳೆಯುವ ಮಾತು. ಆ ಸಂಜೆ ನಾನು ವಿಭಾಗದ ಕಾಗದ ತೆಗೆದು, ಪುಟ್ಟಗಂಗಮ್ಮ ಎಂಬುವರು ಪ್ರಯೋಗಾಲಯದ ಕೆಲಸಕ್ಕೆ ತಕ್ಕವರಲ್ಲ, ಅವರ ಅಜ್ಞಾನದಿಂದ ವಿಭಾಗಕ್ಕೆ ನಷ್ಟವಾಗಿದೆ ಎಂದು ಎರಡು ಸಾಲು ಬರೆದು ಪ್ರಿನ್ಸಿಪಾಲರಿಗೆ ಕಳಿಸಿದೆ. ಜೂನಿಗೆ ಅವಳ ವಯಸ್ಸು ಮೀರುತ್ತದೆ ಎಂಬುದು ಬರೆಯುವಾಗ ನನಗೆ ಚೆನ್ನಾಗಿ ನೆನಪಿತ್ತು.

ಅವಳಿಗೆ ಹೇಳಲಿಲ್ಲ. ಆಮೇಲೂ ಎರಡು ತಿಂಗಳು ಅವಳು ನನ್ನ ಕಪ್ಪೆಗಳ ಕರುಳು ತೊಳೆದಳು. ಈಗ ತೆಳ್ಳನೆಯ ಉಪ್ಪುನೀರಲ್ಲಿ ಒಂದು ಸಲ ಮಾತ್ರ, ಮಗುವಿನ ಬಟ್ಟೆ ಅದ್ದಿ ತೆಗೆಯುವಷ್ಟು ಹಗುರಾಗಿ. ‘ಇಷ್ಟ್ ಕೊಳಕ್ ಕೆಲ್ಸ ನನ್ ಜಲ್ಮದಾಗೆ ಮಾಡಿಲ್ಲ’ ಎಂದು ಗೊಣಗುತ್ತಿದ್ದಳು. ಮೊದಲ ಸ್ಲೈಡು ನೋಡಿದಾಗ ನನಗೆ ಅಳು ಬಂತು. ಸಾಲುಸಾಲು ಚೊಂಬುಗಳು, ಒಂದೊಂದರ ತುಂಬ ಕಡುನೀಲಿ. ಅಷ್ಟು ಹೇಸಿಗೆಯ ವಸ್ತು ಅಷ್ಟು ಚೆಂದ ಕಾಣುತ್ತದೆಂದು ನಾನು ತಿಳಿದಿರಲಿಲ್ಲ.

ಮಾರ್ಚಿನಲ್ಲಿ ಕಾಡಸಿದ್ದಪ್ಪನವರು ಬಿಳಿ ಕೋಟು ಮೊಳೆಗೆ ಹಾಕಿ ಹೋದರು. ಆ ಕೋಟು ಹಾಕಿಕೊಂಡು ಬಂದವನು ಯಾರೋ ಟ್ರಸ್ಟಿಯ ಕಡೆಯವನು. ಕಪ್ಪೆ ನೆಗೆದರೆ ಸ್ಟೂಲಿನ ಮೇಲೆ ಹತ್ತಿ ನಿಲ್ಲುತ್ತಿದ್ದ. ಪುಟ್ಟಗಂಗಮ್ಮ ಕೆಲಸಕ್ಕೆ ಬರುವುದನ್ನು ಬಿಟ್ಟಳು. ಬಿಳಿಗೆರೆಯಲ್ಲೇ ನಾರಿನ ಹಗ್ಗ ಹೊಸೆಯುತ್ತಾಳೆ ಎಂದು ಯಾರೋ ಹೇಳಿದರು.

ಮೇ ತಿಂಗಳಲ್ಲಿ ಹೊಸ ಸ್ಲೈಡುಗಳ ಜೊತೆ ಹಳೆಯವನ್ನೂ ಗೈಡಿಗೆ ತೋರಿಸಲು ಒಯ್ದೆ. ಅವರು ಹೊಸದನ್ನು ನೋಡಿ ತಲೆಯಾಡಿಸಿದರು. ಹಳೆಯದನ್ನು ನೋಡಲು ಕೂತವರು ಏಳಲೇ ಇಲ್ಲ.

‘ಇವು ಲೋಳೆ ಇಲ್ಲದ ಕೋಶಗಳಲ್ಲಮ್ಮ. ಇದ್ದದ್ದನ್ನೆಲ್ಲ ಒಮ್ಮೆಗೇ ಹೊರಗೆ ಸುರಿದು ಮುಗಿಸಿದ ಕೋಶಗಳು. ಕಪ್ಪೆ ಸತ್ತಿದ್ದರೂ ಕರುಳಿನ ಕೋಶಗಳಿಗೆ ಇನ್ನೂ ಜೀವವಿತ್ತಲ್ಲ, ಏನೋ ಉರಿ ತಾಗಿದ ಕೂಡಲೇ ಸುರಿದಿವೆ. ತುಂಬಿದ್ದು ಖಾಲಿಯಾದದ್ದು ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಅಧ್ಯಾಯವೇ ಆಗುತ್ತೆ. ಏನು ಹಾಕಿದಿರಿ, ಎಷ್ಟು ಹಾಕಿದಿರಿ, ಎಷ್ಟು ಹೊತ್ತು? ಅಳತೆ ಬೇಕು.’

ಅಳತೆ ಇದ್ದದ್ದು ಒಬ್ಬಳ ಕೈಯಲ್ಲಿ.

ಬಿಳಿಗೆರೆಗೆ ಹೋದಾಗ ಮಧ್ಯಾಹ್ನ. ಪುಟ್ಟಗಂಗಮ್ಮ ಮನೆಯ ಮುಂದಿನ ತೆಂಗಿನ ನೆರಳಲ್ಲಿ ನಾರಿನ ಗುಡ್ಡೆಯ ನಡುವೆ ಕೂತಿದ್ದಳು. ನನ್ನನ್ನು ಕಂಡು ಎದ್ದು, ಸೆರಗಲ್ಲಿ ಕಟ್ಟೆ ಒರೆಸಿ ಕೂರಿಸಿದಳು. ಬಂದ ಕಾರಣ ಹೇಳಿದೆ. ಅವಳು ಏನೂ ಕೇಳದೆ ಒಳಗೆ ಹೋಗಿ ಉಪ್ಪಿನ ಮಡಕೆ ತಂದಳು. ಒಂದು ಹಿಡಿ ತೆಗೆದು ನನ್ನ ಕಾಗದದ ಮೇಲೆ ಸುರಿದಳು. ನಾನು ಚಿಕ್ಕ ತಕ್ಕಡಿಯಲ್ಲಿ ತೂಗಿ ಬರೆದುಕೊಂಡೆ. ಸುಣ್ಣವನ್ನು ಉಗುರಿನಲ್ಲಿ ತೆಗೆದು ಎಲೆಯ ಚೂರಿನ ಮೇಲೆ ಹಚ್ಚಿಕೊಟ್ಟಳು. ಅದನ್ನೂ ತೂಗಿದೆ. ಎಷ್ಟು ಹೊತ್ತು ಉಜ್ಜಬೇಕು ಎಂದು ಕೇಳಿದಾಗ ಕಣ್ಣು ಮುಚ್ಚಿ, ಬರಿಗೈಯನ್ನೇ ಒಂದಕ್ಕೊಂದು ಉಜ್ಜುತ್ತ ಕೂತಳು. ನಾನು ಗಡಿಯಾರ ನೋಡಿದೆ. ನಾಲ್ಕು ನಿಮಿಷ. ಇನ್ನೆರಡು ಸಲ ಮಾಡಿಸಿದೆ. ಎರಡು ಸಲವೂ ಹಿಡಿ ಉಪ್ಪು ಅಷ್ಟೇ ತೂಗಿತು, ಹೊತ್ತು ಅಷ್ಟೇ ಹಿಡಿಯಿತು.

‘ಅದು ನೋಡಾಕೆ ಎಂಗಿರ್ತದೆ ಮೇಡಮ್ಮೋರೆ, ಲೋಳೆ?’

‘ನೀಲಿ ಚೊಂಬು ಸಾಲಾಗಿ ಜೋಡಿಸಿದ ಹಾಗೆ’ ಅಂದೆ.

‘ಅಂಗಾ’ ಅಂದಳು.

ಅವಳು ಗಂಡನನ್ನು ಕೂಗಿ ಎಳನೀರು ಕೆಡವಿಸಿದಳು. ನಮ್ಮ ಸೀಮೆಯಲ್ಲಿ ಎಳನೀರಿಗೆ ಮೈಲಿಗೆಯಿಲ್ಲ. ಅವಳ ಮನೆಯ ನೀರು ಮುಟ್ಟದ ನಮ್ಮಂಥವರೂ ಅವಳು ಕೆತ್ತಿದ ಎಳನೀರು ಕುಡಿಯಬಹುದು. ಅದು ಅವಳಿಗೂ ಗೊತ್ತು, ಅದಕ್ಕೇ ಒಳಗಿನಿಂದ ಏನನ್ನೂ ತರಲಿಲ್ಲ. ಬುರುಡೆಯ ಬಾಯಿಗೆ ಬೆರಳು ತಾಗದ ಹಾಗೆ ಕೆತ್ತಿ ಕೈಗೆ ಕೊಟ್ಟಳು. ಕುಡಿದೆ. ಬುರುಡೆಯನ್ನು ವಾಪಸು ತೆಗೆದುಕೊಂಡು ಒಂದೇ ಏಟಿಗೆ ಎರಡು ಹೋಳು ಮಾಡಿ, ಸಿಪ್ಪೆಯ ಚೂರಿನಿಂದ ಒಳಗಿನ ಗಂಜಿ ಎಬ್ಬಿಸಿದಳು. ಬೆಳ್ಳನೆಯ ಎಳೇ ಗಂಜಿ ಅಲುಗಾಡುತ್ತ ಹೋಳಿನ ಅಂಚಿಗೆ ಬಂತು. ನಾನು ಅರಿವಿಲ್ಲದೆ ಹಿಂದಕ್ಕೆ ಸರಿದೆ.

‘ಬುಡಿ, ಇದು ನಿಮಗಾಗಕಿಲ್ಲ. ಲೋಳೆ’ ಎಂದು ಅವಳೇ ಸುರಿದುಕೊಂಡು ತಿಂದಳು. ಬಾಯಿ ಒರೆಸಿಕೊಂಡು ಮತ್ತೆ ನಾರು ಹಿಡಿದಳು.

‘ನೀವು ಬರ್ದ ಕಾಗ್ದಾನ ಆಫೀಸಿನ ಗುಮಾಸ್ತರು ಓದಿ ಹೇಳಿದ್ರು. ಕೆಲ್ಸಕ್ಕೆ ತಕ್ಕೋಳಲ್ಲ ಅಂತ ಬರ್ದಿದ್ರಂತೆ.’

‘ಗಂಗಮ್ಮ, ಅವತ್ತು ಸಿಟ್ಟಲ್ಲಿ…’

‘ನಂಗೂ ಸಿಟ್ ಬಂತು ಕಣ್ರೀ. ಇವತ್ತು ನಿಮ್ಮುನ್ನ ನೋಡ್ದಾಗ್ಲೂ ಬಂತು. ಸುಳ್ಳು ಅಳತೆ ಕೊಟ್ಬುಡಾನ ಅನ್ನಿಸ್ತು.’ ಅವಳು ನಾರಿನ ಎಳೆ ಬಿಗಿಯಾಗಿ ಎಳೆದಳು. ‘ಆದ್ರೆ ಸುಳ್ಳು ಅಳತೇಲಿ ಕೈ ಓಡ್ಲಿಲ್ಲ. ಸರಿಯಾಗೇ ಕೊಟ್ಟಿವ್ನಿ, ಬರ್ಕಳಿ. ಮೂರ್ ಗಂಟೆ ಬಸ್ ಬತ್ತದೆ, ಒರಡಿ.’

ಮೂರು ಗಂಟೆಯ ಬಸ್ಸು ಹತ್ತಿದೆ. ದಾರಿಯಲ್ಲಿ ಮಟ್ಟೆಯ ಗುಂಡಿಗಳು ಬಂದವು. ಕಿಟಕಿ ಮುಚ್ಚಿಕೊಳ್ಳಬೇಕೆಂದೂ ಅನ್ನಿಸಲಿಲ್ಲ. ಆ ದಿನ ನನಗೆ ಹೇಸಿಗೆಯಾದದ್ದು ನನ್ನ ತೊಡೆಯ ಮೇಲಿದ್ದ ಪುಸ್ತಕ, ಅದರಲ್ಲಿ ನೀಟಾಗಿ ಬರೆದುಕೊಂಡಿದ್ದ ಅವಳ ಹಿಡಿಯ ತೂಕ. ಜೂನಿಗೆ ಇನ್ನೂ ಎರಡು ವಾರವಿತ್ತು, ಹೊಸಬನ ನೇಮಕವೂ ಇನ್ನೂ ಕಾಯಂ ಆಗಿರಲಿಲ್ಲ. ಪ್ರಿನ್ಸಿಪಾಲರ ಹತ್ತಿರ ಹೋಗಿ ನಾನು ಬರೆದದ್ದು ತಪ್ಪು ಎಂದು ಹೇಳಬಹುದಿತ್ತು. ಹೇಳಿದರೆ ಎರಡು ವರ್ಷ ನಾನು ಹೊಸ್ತಿಲು ದಾಟಿರಲಿಲ್ಲ ಎಂಬುದನ್ನೂ ಹೇಳಬೇಕಿತ್ತು. ನಾನು ಹೋಗಲಿಲ್ಲ.

ಎಂಬತ್ತಮೂರರಲ್ಲಿ ಪ್ರಬಂಧ ಒಪ್ಪಿಸಿದೆ. ಕೃತಜ್ಞತೆಯ ಪುಟದಲ್ಲಿ ಗೈಡ್, ಪ್ರಿನ್ಸಿಪಾಲರು, ಮನೆಯವರು, ಕಾಡಸಿದ್ದಪ್ಪನವರು ಇದ್ದರು. ನಾಲ್ಕನೆಯ ಅಧ್ಯಾಯದಲ್ಲಿ ಇಷ್ಟು ಉಪ್ಪು, ಇಷ್ಟು ಸುಣ್ಣ, ನಾಲ್ಕು ನಿಮಿಷ ಎಂದಿತ್ತು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ವಯಸ್ಸಾದವರು, ಕಟ್ಟುನಿಟ್ಟಿನವರು ಎಂದು ಹೆಸರಾದವರು. ಉಳಿದ ಅಧ್ಯಾಯಗಳನ್ನು ಬೇಗ ಬೇಗ ತಿರುವಿ, ನಾಲ್ಕನೆಯದರ ಖಾಲಿ ಚೊಂಬುಗಳ ಹಳೆಯ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತುಂಬ ಹೊತ್ತು ನೋಡಿದರು.

‘ಇಷ್ಟು ಸಣ್ಣ ಕರುಳನ್ನು ಒಳಗು ಹೊರಗು ತಿರುವಿ, ಉಜ್ಜಿ, ಮತ್ತೆ ತಿರುವಿದ್ದಾರೆ. ಕೋಶಗಳ ಬಾಯಿ ಮಾತ್ರ ಹರಿದಿದೆ, ಗೋಡೆ ಎಲ್ಲೂ ಕಿತ್ತುಬಂದಿಲ್ಲ. ನಮ್ಮ ಲ್ಯಾಬಿನಲ್ಲಿ ಮೂವತ್ತು ವರ್ಷದಿಂದ ಇಂಥ ಕೈ ನೋಡಿಲ್ಲ. ಇಂಥವರು ಸಿಕ್ಕಿದರೆ ನಾಳೆಯೇ ಕೆಲಸ ಕೊಟ್ಟು ಕೂರಿಸಿಕೊಳ್ಳುತ್ತಿದ್ದೆ.’ ಅವರು ಕನ್ನಡಕ ತೆಗೆದು ತಲೆಯೆತ್ತಿದರು. ‘ಯಾರಮ್ಮ ಇದನ್ನು ತೊಳೆದದ್ದು?’

‘ನಾನೇ ಸಾರ್’ ಅಂದೆ.

ಅವರು ಮೇಜಿನ ಮೇಲಿದ್ದ ನನ್ನ ಕೈಗಳನ್ನು ನೋಡಿದರು. ನಾನು ಅವನ್ನು ಸೆರಗಿನೊಳಗೆ ಎಳೆದುಕೊಂಡೆ.